ಅರಿಶಿನ ಬಣ್ಣದ ಬ್ಯಾಗು

ನನ್ನ ಕಪ್ಪು ಬ್ಯಾಗು ಕಂಡರೆ ಹೆರಿಗೆ ಆಸ್ಪತ್ರೆಯ ಹೆಂಗಸರು ಗೋಡೆಯ ಕಡೆ ತಿರುಗಿ ಮಲಗುತ್ತಾರೆ ಎಂಬುದು ನನಗೆ ಗೊತ್ತಾದದ್ದು ನನ್ನ ತಂಗಿಯನ್ನು ಅದೇ ಆಸ್ಪತ್ರೆಗೆ ಸೇರಿಸಿದ ಮೇಲೆ. ಅಲ್ಲಿಯವರೆಗೆ ಆ ವಾರ್ಡಿನವರಿಗೆ ನಿದ್ದೆ ಜಾಸ್ತಿ ಎಂದುಕೊಂಡಿದ್ದೆ.

ನಾನು ಫೋಟೋ ತೆಗೆಯುವವಳು. ಬಸ್ ನಿಲ್ದಾಣದ ಎದುರು, ಒಂದು ಮಹಡಿ ಮೆಟ್ಟಿಲ ಕೆಳಗೆ ನನ್ನ ಸ್ಟುಡಿಯೋ. ಎದ್ದು ನಿಂತರೆ ತಲೆ ತಗಲುತ್ತದೆ, ಅದಕ್ಕೇ ಗಿರಾಕಿಗಳನ್ನು ಕೂರಿಸಿಯೇ ತೆಗೆಯುವುದು. ಗುರುತಿನ ಚೀಟಿಗೆ, ಪಾಸ್‌ಪೋರ್ಟಿಗೆ, ಕೆಲಸದ ಅರ್ಜಿಗೆ ಬೇಕಾದ ಮುಖಗಳು ಹೊಟ್ಟೆಪಾಡಿಗೆ. ಇನ್ನೊಂದು ಕೆಲಸ ಆಸ್ಪತ್ರೆಯದು. ಹೊಟ್ಟೆಯಲ್ಲೇ ಉಸಿರು ನಿಂತ ಮಗು, ಹುಟ್ಟಿ ಸ್ವಲ್ಪ ಹೊತ್ತು ಮಾತ್ರ ಇದ್ದು ಹೋದ ಮಗು, ಅಂಥವುಗಳದ್ದು ಒಂದು ಫೋಟೋ ತೆಗೆದಿಡುವುದು ಆ ಆಸ್ಪತ್ರೆಯ ಪದ್ಧತಿ. ಆ ಹೊತ್ತಿನಲ್ಲಿ ಬೇಡ ಅಂದವರು ಎಷ್ಟೋ ಕಾಲದ ಮೇಲೆ ಬಂದು, ಇದೆಯಾ ಎಂದು ಕೇಳುತ್ತಾರಂತೆ. ವಾರ್ಡಿನ ಯಜಮಾನಿ ದೊಡ್ಡ ಸಿಸ್ಟರ್ ನನಗೆ ಫೋನ್ ಮಾಡುತ್ತಾರೆ. ನಾನು ಹೋಗಿ, ಫ್ಲ್ಯಾಶ್ ಹಾಕದೆ, ಕಿಟಕಿಯ ಬೆಳಕಿನಲ್ಲಿ ತೆಗೆಯುತ್ತೇನೆ. ಕೈ, ಕಾಲು, ಕಿವಿ, ತಾಯಿ ಒಪ್ಪಿದರೆ ಅವಳ ಬೆರಳು ಹಿಡಿಸಿ ಒಂದು.

ಈ ಕೆಲಸ ಹೇಗೆ ಮಾಡ್ತೀಯ ಎಂದು ಕೇಳುವವರಿಗೆ ನನ್ನ ಹತ್ತಿರ ಒಂದೇ ಉತ್ತರ. ಕೆಟ್ಟ ಸುದ್ದಿ ಹೇಳುವುದು ನನ್ನ ಕೆಲಸವಲ್ಲ, ತೆಗೆಯುವುದಷ್ಟೇ ನನ್ನ ಕೆಲಸ. ನಾನು ಬಾಗಿಲಿಗೆ ಬರುವಷ್ಟರಲ್ಲಿ ತಾಯಂದಿರು ಅಳಲು ಶುರು ಮಾಡಿರುತ್ತಿದ್ದರು. ಡಾಕ್ಟರೋ ಸಿಸ್ಟರೋ ಹೇಳಿ ಮುಗಿಸಿದ್ದಾರೆ, ಪುಣ್ಯ, ನನ್ನ ತಲೆಗೆ ಬರಲಿಲ್ಲ ಎಂದುಕೊಂಡು ಕ್ಯಾಮೆರಾ ಹೊರತೆಗೆಯುತ್ತಿದ್ದೆ.

ಆ ಕ್ಯಾಮೆರಾ ಇರುತ್ತಿದ್ದದ್ದು ನನಗೆ ಕೆಲಸ ಕಲಿಸಿದ ಮುದುಕರು ಬಿಟ್ಟುಹೋದ ಕಪ್ಪು ಬ್ಯಾಗಿನಲ್ಲಿ. ಬ್ಯಾಗು ಅನ್ನುವುದಕ್ಕಿಂತ ಪೆಟ್ಟಿಗೆ ಅನ್ನಬೇಕು. ಗಟ್ಟಿ ಚರ್ಮ, ನಾಲ್ಕು ಮೂಲೆಗೂ ತಗಡು, ಹೆಗಲು ಕೊರೆಯುವ ಪಟ್ಟಿ. ಅದನ್ನು ಹೊತ್ತು ಹೊತ್ತು ನನ್ನ ಎಡಹೆಗಲು ತಗ್ಗಿದೆ. ನನಗೂ ಹಿಂದೆ ಬೀದಿಯಲ್ಲಿ ಸುಮ್ಮನೆ ಫೋಟೋ ತೆಗೆಯುವ ಹುಚ್ಚಿತ್ತು. ಒಣಹಾಕಿದ ಬಟ್ಟೆ, ಜಗಳವಾಡುವ ಆಟೋದವರು, ಯಾರದೋ ಮೆಟ್ಟಿಲ ಮೇಲೆ ಮಲಗಿದ ಬೆಕ್ಕು. ಆ ಪೆಟ್ಟಿಗೆಯ ಬೀಗ ತೆಗೆದು ಮುಚ್ಚಳ ಎತ್ತುವಷ್ಟರಲ್ಲಿ ಬೆಕ್ಕೂ ಇಲ್ಲ, ಜಗಳವೂ ಇಲ್ಲ. ಹುಚ್ಚು ತಾನಾಗಿ ಬಿಟ್ಟಿತ್ತು.

ತಂಗಿಗೆ ಮದುವೆಯಾಗಿ ಬಹಳ ಕಾಲದ ಮೇಲೆ ಬಸಿರು ನಿಂತಿತ್ತು. ಅಮ್ಮ ಹೋದ ಮೇಲೆ ಅವಳಿಗೆ ನಾನೇ ಅಮ್ಮ, ನಾನೇ ಬೈಯುವವಳು. ಅವಳ ಗಂಡ ಲಾರಿ ಓಡಿಸುತ್ತಾನೆ, ಊರಲ್ಲಿರುವುದಕ್ಕಿಂತ ರಸ್ತೆಯಲ್ಲಿರುವುದೇ ಹೆಚ್ಚು. ಏಳನೇ ತಿಂಗಳಲ್ಲಿ ಕಾಲು ಬಾತು, ರಕ್ತದೊತ್ತಡ ಏರಿ, ಡಾಕ್ಟರು ಅವಳನ್ನು ವಾರ್ಡಿನಲ್ಲಿ ಮಲಗಿಸಿಬಿಟ್ಟರು. ಎಡಮಗ್ಗುಲಲ್ಲಿ ಮಲಗಬೇಕು, ಉಪ್ಪು ಕಡಿಮೆ, ಗಾಬರಿಯಾಗುವಂಥದ್ದು ಏನೂ ಕಾಣಬಾರದು, ಕೇಳಬಾರದು.

ಗಾಬರಿಯಾಗುವಂಥದ್ದು ಅಂದರೆ ನಾನೇ ಎಂದು ಆಗ ಹೊಳೆಯಲಿಲ್ಲ. ಒಂದು ಕೆಲಸ ಮುಗಿಸಿ, ಅದೇ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು, ಅವಳನ್ನು ನೋಡಲು ವಾರ್ಡಿನೊಳಗೆ ಕಾಲಿಟ್ಟೆ. ಒಳಗಿದ್ದವರ ಮಾತು ನಿಂತಿತು. ಒಂದು ಮಂಚದವಳು ಹೊದಿಕೆ ಎಳೆದು ಹೊಟ್ಟೆ ಮುಚ್ಚಿಕೊಂಡಳು. ಉಳಿದವರೆಲ್ಲ ಒಬ್ಬೊಬ್ಬರಾಗಿ ಗೋಡೆಗೆ ತಿರುಗಿದರು. ತಂಗಿ ಒಬ್ಬಳೇ ನನ್ನ ಕಡೆ ನೋಡುತ್ತಿದ್ದಳು, ಅವಳ ಮುಖದಲ್ಲಿ ರಕ್ತವಿರಲಿಲ್ಲ.

ಹತ್ತಿರ ಹೋದಾಗ ಪಿಸುಮಾತಿನಲ್ಲಿ ಹೇಳಿದಳು. "ಅಕ್ಕಾ, ನೀನು ಬರಬೇಡ ಅಂತಲ್ಲ. ಆ ಪೆಟ್ಟಿಗೆ ತರಬೇಡ. ಅದನ್ನ ನೋಡಿದ್ರೆ ಇವರಿಗೆಲ್ಲ ಅರ್ಧ ಜೀವ ಹೋಗುತ್ತೆ." ಆಮೇಲೆ "ನಂಗೂ" ಎಂದಳು.

ನನಗೆ ಮೂಗಿನ ತುದಿಯಲ್ಲೇ ಕೋಪ. ನಾನೇನು ಮಕ್ಕಳನ್ನು ಹಿಡಿಯುವ ಗುಮ್ಮನಾ ಎಂದು ಗೊಣಗಿದೆ. ಆದರೆ ಮನೆಗೆ ಹೋಗಿ ಆ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ನೋಡಿದಾಗ ನನಗೂ ಅದು ಯಾವುದೋ ಸಣ್ಣ ಶವಪೆಟ್ಟಿಗೆಯ ಹಾಗೆ ಕಂಡಿತು. ಇಷ್ಟು ವರ್ಷ ಹೊತ್ತವಳಿಗೆ ಕಾಣದ್ದು ಮಲಗಿದವರಿಗೆ ಕಂಡಿತ್ತು.

ಮಾರನೆಯ ದಿನ ಬರಿಗೈಯಲ್ಲಿ ಹೋದೆ. ಗೋಡೆಗೆ ತಿರುಗಿದವರು ನನ್ನ ಮುಖ ನೋಡಿರಲಿಲ್ಲವಲ್ಲ, ಎಲ್ಲರೂ ಮುಗುಳ್ನಕ್ಕರು. ಪಕ್ಕದ ಮಂಚದಲ್ಲಿ ಒಬ್ಬ ಟೀಚರಮ್ಮ ಇದ್ದರು, ಅವಳಿ ಮಕ್ಕಳ ಹೊಟ್ಟೆ, ಬಾಯಿ ಒಂದು ನಿಮಿಷ ಸುಮ್ಮನಿರದು. ಅವರು ನನ್ನನ್ನು ಬಾಗಿಸಿಕೊಂಡು ಕಿವಿಯಲ್ಲಿ ಎಚ್ಚರಿಕೆ ಹೇಳಿದರು. "ಇಲ್ಲಿಗೆ ಒಬ್ಬಳು ಬರ್ತಾಳೆ ನೋಡಿ, ಕಪ್ಪು ಪೆಟ್ಟಿಗೆಯವಳು. ಅವಳು ಬಂದ್ಲು ಅಂದ್ರೆ ಯಾರದೋ ಮಗು ಹೋಯ್ತು ಅಂತಲೇ ಲೆಕ್ಕ. ಕಂಡ್ರೆ ಕಣ್ಣು ಮುಚ್ಕೊಂಡ್ಬಿಡಿ." ಹಾಗೇ ಮಾಡ್ತೀನಿ ಎಂದೆ. ತಂಗಿ ಹೊದಿಕೆಯೊಳಗೆ ಮುಖ ಹುದುಗಿಸಿ ನಗುತ್ತಿದ್ದಳು. ಅವಳು ಹಾಗೆ ನಕ್ಕು ತುಂಬ ದಿನವಾಗಿತ್ತು.

ಹೀಗೆ ಶುರುವಾಯಿತು ಬ್ಯಾಗಿನ ಹುಡುಕಾಟ. ನಾನು ಆ ಫೋಟೋ ತೆಗೆಯುವ ಕೋಣೆಗೆ ದಾರಿ ಇರುವುದು ವಾರ್ಡಿನ ಗಾಜಿನ ಬಾಗಿಲ ಮುಂದೆಯೇ, ಕ್ಯಾಮೆರಾ ಇಲ್ಲದೆ ಕೆಲಸಕ್ಕೆ ಹೋಗುವಂತಿಲ್ಲ, ಕಪ್ಪು ಪೆಟ್ಟಿಗೆಯಲ್ಲಿ ಒಯ್ಯುವಂತಿಲ್ಲ. ನೋಡಲು ಚೆಂದ ಇರಬೇಕು, ದಿನಾ ಹೊರಲು ಹಗುರ ಇರಬೇಕು, ಒಳಗೆ ಕ್ಯಾಮೆರಾ ಇದೆ ಅಂತ ಯಾರಿಗೂ ಗೊತ್ತಾಗಬಾರದು, ಆದರೆ ಬಿದ್ದರೂ ಕ್ಯಾಮೆರಾಗೆ ಏಟಾಗಬಾರದು. ನೆಂಟರ ಮೇಲೆ ಪ್ರೀತಿ, ಅಕ್ಕಿ ಮೇಲೆ ಆಸೆ.

ಅಂಗಡಿಯವರು ತೋರಿಸಿದ್ದೆಲ್ಲ ಒಂದಲ್ಲ ಒಂದು ರೀತಿ ಕೈಕೊಟ್ಟವು. ಒಂದರ ಮೇಲೆ ಕಂಪನಿಯ ಹೆಸರು ಅಂಗೈಯಗಲ ಬರೆದಿತ್ತು, ಕಳ್ಳನಿಗೆ ಕರೆಯೋಲೆ ಕೊಟ್ಟ ಹಾಗೆ. ಇನ್ನೊಂದರಲ್ಲಿ ಎಷ್ಟು ಜೇಬುಗಳೆಂದರೆ ನನ್ನದೇ ಬೀಗದ ಕೈ ಹುಡುಕಲು ಅರ್ಧ ಮಧ್ಯಾಹ್ನ ಹೋಯಿತು. ತುಂಬ ಚೆಂದದ ಚರ್ಮದ್ದೊಂದು ಸಿಕ್ಕಿತು, ಲೆನ್ಸ್ ಬಿಚ್ಚಿ ಇಡಬೇಕಂತೆ. ಮಾರುವ ಹುಡುಗಿ ಇದರಲ್ಲಿ ಒಳ್ಳೆ ಲುಕ್ ಇದೆ ಮೇಡಂ ಎಂದಳು. ನನಗೆ ಯಾರೂ ನೋಡಬಾರದಮ್ಮ ಎಂದು ಹೇಳಿದ್ದಕ್ಕೆ, ಪಾಪ, ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

ತಂಗಿ ಎಡಮಗ್ಗುಲಲ್ಲಿ ಮಲಗಿಯೇ ಫೋನಿನಲ್ಲಿ ಹುಡುಕುತ್ತಿದ್ದಳು. ಅವಳಿಗೆ ಬಟ್ಟೆಬರೆ, ಬಣ್ಣ ಇವುಗಳಲ್ಲಿ ಕಣ್ಣು ಮೊದಲಿಂದಲೂ ಚುರುಕು. ಇದು ಹಾಕಿಕೊಂಡರೆ ಇನ್ಶೂರೆನ್ಸ್ ಮಾರೋಕೆ ಬಂದವಳ ಹಾಗೆ ಕಾಣ್ತೀಯ, ಇದರಲ್ಲಿ ಗಲ್ಲಾಪೆಟ್ಟಿಗೆ ಎತ್ತಿಕೊಂಡು ಓಡಿಹೋಗೋ ಕ್ಯಾಷಿಯರ್ ಹಾಗೆ ಎಂದು ಒಂದೊಂದನ್ನೂ ತಳ್ಳಿಹಾಕಿದಳು. ವಿಷಯ ಏನೆಂದು ಗೊತ್ತಿಲ್ಲದ ಟೀಚರಮ್ಮ ಕೂಡ ತಮ್ಮ ಅಭಿಪ್ರಾಯ ಸೇರಿಸುತ್ತಿದ್ದರು. ನಾನು ಬ್ಯಾಗಿಗಾಗಿ ಅಲೆಯುತ್ತಿದ್ದೇನೆ ಎಂದು ತಂಗಿ ತಿಳಿದಿದ್ದಳು. ನಿಜ ಹೇಳಬೇಕೆಂದರೆ ಅವಳ ಮನಸ್ಸು ಬೇರೆ ಕಡೆ ಇರಲಿ ಎಂದೇ ನಾನು ಎರಡು ದಿನ ಹೆಚ್ಚಿಗೆ ಅಲೆದೆ.

ಕೊನೆಗೆ ಸಿಕ್ಕಿದ್ದು ಬ್ಯಾಗು ರಿಪೇರಿಯವನ ಮಳಿಗೆಯಲ್ಲಿ. ತನ್ನ ಹೆಂಡತಿಗೆಂದು ಹೊಲಿದು, ಅವಳು ಬೇಡವೆಂದು ಮೂಲೆಗೆಸೆದ ಕ್ಯಾನ್ವಾಸ್ ಬ್ಯಾಗು. ಅಚ್ಚ ಅರಿಶಿನ ಬಣ್ಣ, ಕಂದು ಚರ್ಮದ ಪಟ್ಟಿ, ಹೊರಗೆ ಒಂದೇ ಒಂದು ದೊಡ್ಡ ಜೇಬು. ಫೋಟೋ ತೆಗೆದು ತಂಗಿಗೆ ಕಳಿಸಿದೆ, ಮರುಕ್ಷಣವೇ "ಇದೇ" ಎಂದು ಬಂತು. ಒಳಗೆ ದಪ್ಪ ಸ್ಪಂಜು ಹೊಲಿಸಿ ಕ್ಯಾಮೆರಾಕ್ಕೆ ಒಂದು ಗೂಡು ಮಾಡಿಸಿದೆ. ಮುಚ್ಚಳಕ್ಕೆ ವೆಲ್ಕ್ರೋ ಹಾಕಿದ್ದ, ಅದನ್ನು ಕೀಳಿಸಿದೆ. ಆ ಕೋಣೆಯ ಮೌನದಲ್ಲಿ ವೆಲ್ಕ್ರೋ ಎಳೆದರೆ ಬಟ್ಟೆ ಹರಿದ ಸದ್ದು. ಅದರ ಬದಲು ಅಯಸ್ಕಾಂತದ ಗುಂಡಿ ಇಡು ಎಂದರೆ, ತನಗಿಂತ ಹೊಲಿಗೆ ಬಲ್ಲವರು ಯಾರು ಎಂದು ವಾದ ಮಾಡಿ, ಆಮೇಲೆ ಇಟ್ಟುಕೊಟ್ಟು, ಅದು ತನ್ನದೇ ಉಪಾಯ ಎಂಬಂತೆ ಎಲ್ಲರಿಗೂ ತೋರಿಸಿದ. ಒಂದೇ ಕೈಯಲ್ಲಿ, ಸದ್ದಿಲ್ಲದೆ ತೆರೆಯುವ ಬ್ಯಾಗು ನನ್ನದಾಯಿತು.

ಆ ಬ್ಯಾಗು ನನಗೆ ಬೀದಿಯನ್ನು ವಾಪಸ್ಸು ಕೊಟ್ಟಿತು ಅಂದರೆ ತಪ್ಪಲ್ಲ. ಬಸ್ಸಿನಲ್ಲಿ ನಿಂತೇ ನಿದ್ದೆ ಮಾಡುವ ಕಂಡಕ್ಟರು, ಚಪ್ಪಲಿ ರಾಶಿಯ ಮೇಲೆ ಮಲಗಿದ ನಾಯಿಮರಿ, ಮೂರು ಚಕ್ರದ ಗಾಡಿಯಲ್ಲಿ ಹೋಗುವ ಒಂಟಿ ಕುರ್ಚಿ. ದಿನವೂ ಏನಾದರೊಂದು ಹಿಡಿದು ತಂದು ತಂಗಿಯ ದಿಂಬಿನ ಪಕ್ಕ ತೋರಿಸುತ್ತಿದ್ದೆ. ಕಾರಿಡಾರಿನಲ್ಲಿ ನಡೆದರೆ ಯಾರೂ ತಿರುಗಿ ಮಲಗುತ್ತಿರಲಿಲ್ಲ. ಟೀಚರಮ್ಮ ಅಂಥದೇ ಒಂದು ತಮಗೂ ಬೇಕು, ಮಕ್ಕಳ ಬಟ್ಟೆ ಹಾಕೋಕೆ ಚೆನ್ನಾಗಿದೆ ಎಂದರು.

ತಂಗಿ ಮಾತ್ರ ಜಾಣೆ. ಮೊದಲ ದಿನವೇ ಬ್ಯಾಗಿನ ಮೇಲೆ ಕೈಯಾಡಿಸಿ ಹೇಳಿದಳು. "ಈಗ ನೀನು ಯಾಕೆ ಬಂದೆ ಅಂತ ಯಾರಿಗೂ ಗೊತ್ತಾಗಲ್ಲ. ನಂಗೂ ಗೊತ್ತಾಗಲ್ಲ." ಅಂದಿನಿಂದ ನಾನು ಹೋದಾಗಲೆಲ್ಲ ಅದೇ ತಮಾಷೆ. ಯಾಕೆ ಬಂದೆ, ನನ್ನ ನೋಡೋಕೋ, ಕೆಲಸಕ್ಕೋ? ನಿನ್ನ ನೋಡೋಕೆ ಕಣೇ ಎನ್ನುತ್ತಿದ್ದೆ. ಕೆಲಸ ಮುಗಿಸಿ, ಕೈ ತೊಳೆದು, ನೇರವಾಗಿ ಆ ಕೋಣೆಯಿಂದಲೇ ಬಂದ ದಿನವೂ ಹಾಗೆಯೇ ಎಂದೆ. ಅವಳು ನಂಬಿದಳೋ ನಂಬಿದ ಹಾಗೆ ಮಾಡಿದಳೋ, ಇನ್ನೊಂದು ಪ್ರಶ್ನೆ ಕೇಳಲಿಲ್ಲ.

ಮಲಗಿದಲ್ಲೇ ಅವಳು ಮಗುವಿಗೆ ಟೋಪಿ ಹೆಣೆಯುತ್ತಿದ್ದಳು, ಬಿಳಿ ನೂಲಿನದು. ಮುಗಿದ ದಿನ ನನ್ನ ಕೈಗೆ ಕೊಟ್ಟಳು. ಇದು ಮಗುವಿಗೋ ನಿನ್ನ ಗಂಡನಿಗೋ, ಇಷ್ಟು ದೊಡ್ಡದು ಎಂದು ರೇಗಿಸಿದೆ. ಬೆಳೆಯೋ ಮಗು ಅಕ್ಕ, ದೊಡ್ಡದಿರಲಿ ಬಿಡು ಎಂದಳು. ಮನೆಗೆ ಒಯ್ದು ಒಂದು ಸಲ ಒಗೆದು ತಾ ಎಂದು ತಾನೇ ಬ್ಯಾಗಿನ ಹೊರಜೇಬಿಗೆ ತುರುಕಿದಳು. ಒಗೆದೆ, ಒಣಗಿಸಿದೆ, ಮತ್ತೆ ಅದೇ ಜೇಬಿಗೆ ಹಾಕಿದೆ. ಕೊಡುವುದು ದಿನಾ ಮರೆತುಹೋಗುತ್ತಿತ್ತು.

ಅರಿಶಿನ ಬ್ಯಾಗಿನೊಡನೆ ಮೊದಲ ಸಲ ಕೆಲಸಕ್ಕೆ ಹೋದಾಗ ಒಂದು ಸಣ್ಣ ಎಡವಟ್ಟಾಗಿತ್ತು. ಒಳಗೆ ಹೋದರೆ ತಾಯಿ ಅಳುತ್ತಿರಲಿಲ್ಲ. ಯಾರು ನೀವು, ರಕ್ತ ತೆಗೆಯೋಕೆ ಬಂದ್ರಾ ಎಂದು ಕೇಳಿದಳು. ಪಕ್ಕದಲ್ಲಿದ್ದ ಅವಳ ಚಿಕ್ಕಮ್ಮ ನನ್ನ ಕ್ಯಾಮೆರಾ ನೋಡಿ, ಅವಳನ್ನು ತಬ್ಬಿಕೊಂಡು ಮಗು ಉಳಿಯಲಿಲ್ಲವೆಂದು ಹೇಳಿದರು. ನನಗೆ ಸಿಟ್ಟು ಬಂತು. ಈ ಆಸ್ಪತ್ರೆಯವರಿಗೆ ಒಂದು ಕೆಲಸ ಹೊತ್ತಿಗೆ ಸರಿಯಾಗಿ ಮಾಡಲು ಬರುವುದಿಲ್ಲ ಎಂದು ಮನಸ್ಸಿನಲ್ಲೇ ಬೈದುಕೊಂಡು ಹೊರಬಂದೆ. ಅಲ್ಲಿಗೆ ಬಿಟ್ಟೆ. ಬೈಯುವುದರ ನಡುವೆ ನನಗೆ ಯೋಚನೆ ಮಾಡುವಷ್ಟು ಪುರುಸೊತ್ತು ಯಾವಾಗ ಇತ್ತು?

ಅದಾಗಿ ಕೆಲವು ದಿನಗಳ ಮೇಲೆ, ಒಂದು ಮಧ್ಯಾಹ್ನ ಒಬ್ಬ ಅಜ್ಜನನ್ನು ಸ್ಟೂಲಿನ ಮೇಲೆ ಕೂರಿಸಿ, ಕಣ್ಣು ಬಿಡಿ ಅಜ್ಜ, ಕಣ್ಣು ಬಿಡಿ ಎಂದು ಗೋಗರೆಯುತ್ತಿದ್ದೆ. ದೊಡ್ಡ ಸಿಸ್ಟರ್ ಫೋನ್ ಬಂತು. ಬನ್ನಿ, ಬ್ಯಾಗ್ ತಗೊಂಡೇ ಬನ್ನಿ ಎಂದು ಇಟ್ಟರು. ಅವರು ಯಾವಾಗಲೂ ಅಷ್ಟೇ ಮಾತಾಡುವವರು. ಅಜ್ಜನಿಗೆ ನಾಳೆ ಬನ್ನಿ ಎಂದು ಹೇಳಿ ಬಾಗಿಲು ಹಾಕಿದೆ.

ವಾರ್ಡಿನ ಗಾಜಿನ ಬಾಗಿಲು ದಾಟುವಾಗ ಒಳಗೆ ಇಣುಕಿದೆ, ಅಭ್ಯಾಸಬಲ. ತಂಗಿಯ ಮಂಚ ಖಾಲಿಯಿತ್ತು. ಹೊದಿಕೆ ಮಡಚಿಟ್ಟಿತ್ತು. ಟೀಚರಮ್ಮ ನನ್ನನ್ನು ಕಂಡು ಕೈಬೀಸಿ ಕರೆದು, ಊಟದ ಹೊತ್ತಿಗೆ ಒತ್ತಡ ಏರಿಬಿಟ್ಟಿತು, ಫಿಟ್ಸ್ ಬಂತು, ಎತ್ತಿಕೊಂಡು ಆಪರೇಷನ್‌ಗೆ ಓಡಿದರು ಎಂದರು. ನಗುತ್ತಲೇ ಹೇಳಿದರು. "ಈಗ ಎಚ್ಚರ ಆಗಿದ್ಯಂತೆ, ಗಾಬರಿ ಆಗ್ಬೇಡಿ. ಹೆಣ್ಣು ಮಗುವಂತೆ. ನೀವು ದೊಡ್ಡಮ್ಮ ಆದ್ರಿ."

ಒಂದು ಗಳಿಗೆ ನಾನೂ ನಕ್ಕೆ. ಆಮೇಲೆ ಫೋನಿನಲ್ಲಿ ಕೇಳಿದ ಮಾತು ನೆನಪಾಯಿತು. ಬ್ಯಾಗ್ ತಗೊಂಡೇ ಬನ್ನಿ. ಟೀಚರಮ್ಮ ಇನ್ನೂ ಏನೋ ಹೇಳುತ್ತಲೇ ಇದ್ದರು, ಅವರ ಬಾಯಿ ಆಡುವುದು ಮಾತ್ರ ಕಂಡಿತು.

ದೊಡ್ಡ ಸಿಸ್ಟರ್ ಕಾರಿಡಾರಿನ ತುದಿಯಲ್ಲಿ ನಿಂತಿದ್ದರು. ಪಕ್ಕದ ಸಣ್ಣ ಕೋಣೆಯ ಬಾಗಿಲು ತೆಗೆದರು. ಕಿಟಕಿಯ ಕೆಳಗಿನ ಮೇಜಿನ ಮೇಲೆ, ನಾನು ಯಾವಾಗಲೂ ಇಡಲು ಹೇಳುವ ಜಾಗದಲ್ಲೇ, ಬಿಳಿ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ಅಂಗೈಯಷ್ಟು ಮುಖ. ನಮ್ಮಮ್ಮನ ಗಲ್ಲ. ಆ ಗಲ್ಲ ನನಗೂ ಬಂದಿಲ್ಲ, ತಂಗಿಗೂ ಬಂದಿಲ್ಲ, ಎಲ್ಲಿ ಅಡಗಿತ್ತೋ ಇದಕ್ಕೆ ಬಂದಿತ್ತು.

ತಂಗಿಯ ಗಂಡನಿಗೆ ಫೋನ್ ಮಾಡಿದ್ದಾರೆ, ಲಾರಿ ತಿರುಗಿಸಿದ್ದಾನೆ, ಬರುವುದು ನಾಳೆ ಎಂದು ದೊಡ್ಡ ಸಿಸ್ಟರ್ ಹೇಳಿದರು. ನನಗೆ ಕೇಳಬೇಕಾದದ್ದು ಒಂದೇ ಇತ್ತು. ಅವಳಿಗೆ ಗೊತ್ತಾ ಎಂದೆ.

"ಡಾಕ್ಟರು ಹೇಳಿಲ್ಲ. ನೋಡೋಣ ಅಂದು ಹೋದ್ರು. ನಿಮ್ಮಕ್ಕ ಬರ್ತಾರೆ ಅಂತಷ್ಟೇ ನಾನು ಹೇಳಿದ್ದು."

"ಯಾರು ಹೇಳ್ತಾರೆ ಮತ್ತೆ?"

ಅವರು ನನ್ನನ್ನೇ ನೋಡಿದರು. "ನಾವು ಯಾವತ್ತು ಹೇಳಿದೀವಿ? ನೀವು ಆ ಬ್ಯಾಗ್ ಹಾಕ್ಕೊಂಡು ಬಾಗಿಲಲ್ಲಿ ನಿಂತ್ರೆ ಅವರಿಗೇ ಗೊತ್ತಾಗ್ತಿತ್ತು."

ಹಾಗೆಂದವರು ನನ್ನ ಹೆಗಲ ಕಡೆ ಕಣ್ಣು ಹಾಯಿಸಿ, ಅಲ್ಲಿ ನೇತಾಡುತ್ತಿದ್ದ ಅರಿಶಿನ ಬಣ್ಣವನ್ನು ಕಂಡು, ಬಾಯಿ ಮುಚ್ಚಿಕೊಂಡರು. ನನಗೆ ಆಗ ಅರ್ಥವಾಯಿತು. ಇಷ್ಟು ವರ್ಷ ಇಲ್ಲಿ ಯಾರೂ ಯಾರಿಗೂ ಏನೂ ಹೇಳಿರಲಿಲ್ಲ. ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಹೋಗುತ್ತಿದ್ದರು, ಸಿಸ್ಟರು ಡಾಕ್ಟರನ್ನು ತೋರಿಸುತ್ತಿದ್ದರು. ಬೆಕ್ಕಿಗೆ ಗಂಟೆ ಕಟ್ಟುತ್ತಿದ್ದದ್ದು ನನ್ನ ಕಪ್ಪು ಪೆಟ್ಟಿಗೆ. ಅದನ್ನು ಹೊತ್ತುಕೊಂಡು ನಾನು, ಹೇಳುವುದು ನನ್ನ ಕೆಲಸವಲ್ಲ ಎಂದು ಮೆರೆಯುತ್ತಿದ್ದೆ.

ಬೈಯಬೇಕೆಂದು ಬಾಯಿ ತೆರೆದೆ. ದೊಡ್ಡ ಸಿಸ್ಟರ್ ಗೋಡೆಗೆ ಒರಗಿ, ನನ್ನ ಕೈಲಿ ಆಗಲ್ಲಮ್ಮ, ಇವಳ ಹತ್ರ ಅಂತೂ ಆಗಲ್ಲ ಎಂದು ಕಣ್ಣೊರೆಸಿಕೊಂಡರು. ಯಾರನ್ನು ಬೈಯುವುದು? ಒಂದು ಕ್ಷಣ, ಸ್ಟುಡಿಯೋಗೆ ಓಡಿಹೋಗಿ ಮೇಜಿನ ಕೆಳಗಿಟ್ಟ ಕಪ್ಪು ಪೆಟ್ಟಿಗೆಯನ್ನೇ ಎತ್ತಿಕೊಂಡು ಬಂದುಬಿಡಲೇ ಎನ್ನಿಸಿತು. ಸುಮ್ಮನೆ ಬಾಗಿಲಲ್ಲಿ ನಿಂತರೆ ಸಾಕು, ಉಳಿದದ್ದು ಅದು ನೋಡಿಕೊಳ್ಳುತ್ತದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಹೋಗಿ ಬರಲು ಎಷ್ಟು ಹೊತ್ತಾದೀತು ಎಂದು ಲೆಕ್ಕ ಕೂಡ ಹಾಕಿದೆ.

ಆಪರೇಷನ್ ಆದವರನ್ನು ಮಲಗಿಸುವ ಕೋಣೆಯಲ್ಲಿ ತಂಗಿ ಎಚ್ಚರವಾಗಿದ್ದಳು. ತುಟಿ ಒಣಗಿತ್ತು, ಕೈಗೆ ಡ್ರಿಪ್. ನನ್ನನ್ನು ಕಂಡು, ಆಮೇಲೆ ಬ್ಯಾಗನ್ನು ಕಂಡು, ಮುಖ ಅರಳಿತು. ಖಾಲಿಯಿದ್ದ ಕೈಯಿಂದ ಹಣೆಯ ಕೂದಲು ಸರಿಮಾಡಿಕೊಂಡಳು.

"ಬಂದ್ಯಾ? ಮಗೂನ ಬೆಚ್ಚಗೆ ಇಟ್ಟಿದಾರೆ ಅನ್ಸುತ್ತೆ, ಇನ್ನೂ ತಂದಿಲ್ಲ. ನೀನು ನೋಡಿದ್ಯಾ?"

ನೋಡಿದೆ ಎಂದೆ.

"ಯಾರ ಹಾಗಿದೆ?"

"ಅಮ್ಮನ ಗಲ್ಲ."

ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ಹೊಲಿಗೆ ಎಳೆದು ನೋವಾಯಿತು, ಹಲ್ಲು ಕಚ್ಚಿದಳು, ಮತ್ತೆ ನಕ್ಕಳು. ನಾನು ಸ್ಟೂಲು ಎಳೆದು ಕೂತೆ. ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡೆ. ಅವಳು ಅದರ ಪಟ್ಟಿ ಹಿಡಿದು, ಅರ್ಧ ಮಂಪರಿನ ದನಿಯಲ್ಲಿ, ದಿನಾ ಕೇಳುವುದನ್ನೇ ಕೇಳಿದಳು.

"ಯಾಕೆ ಬಂದೆ? ನನ್ನ ನೋಡೋಕೋ, ಕೆಲಸಕ್ಕೋ?"

ನಿನ್ನ ನೋಡೋಕೆ ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ರೂಢಿಯಾಗಿತ್ತಲ್ಲ. ಅಷ್ಟು ಹೇಳಿ, ಅವಳು ನಿದ್ದೆ ಹೋಗುವವರೆಗೆ ತಲೆ ನೇವರಿಸಿ ಎದ್ದುಬಂದಿದ್ದರೆ, ಇನ್ನೊಂದು ದಿನ ಅವಳು ತಾಯಿಯಾಗಿಯೇ ಇರುತ್ತಿದ್ದಳು. ನಾಳೆ ಅವಳ ಗಂಡ ಬಂದು ಹೇಳುತ್ತಿದ್ದ, ಅಥವಾ ಅವನೂ ಯಾರ ಮುಖವನ್ನೋ ನೋಡುತ್ತಿದ್ದ.

"ಕೆಲಸಕ್ಕೆ" ಎಂದೆ.

ಅವಳಿಗೆ ತಕ್ಷಣ ತಿಳಿಯಲಿಲ್ಲ. ನಗು ಮುಖದ ಮೇಲೆ ಹಾಗೇ ಇತ್ತು. ಬ್ಯಾಗನ್ನು ನೋಡಿದಳು, ನನ್ನನ್ನು ನೋಡಿದಳು. ಪಟ್ಟಿ ಹಿಡಿದಿದ್ದ ಕೈ ನಿಧಾನಕ್ಕೆ ಬಿಟ್ಟಿತು.

"ಮರೀ, ಮಗು ಹೋಯ್ತು ಕಣೇ" ಎಂದೆ. ನನ್ನ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು.

ಅವಳು ಕೂಗಲಿಲ್ಲ. ಗೋಡೆಯ ಕಡೆ ತಿರುಗಿದಳು. ಹೊಲಿಗೆ ಇದ್ದದ್ದರಿಂದ ಮೈ ತಿರುಗಲಿಲ್ಲ, ಕತ್ತು ಮಾತ್ರ ತಿರುಗಿತು. ಬೆನ್ನ ಮೇಲೆ ಕೈಯಿಡಲು ಹೋದೆ, ಬೆನ್ನು ಹಾಸಿಗೆಗೆ ಅಂಟಿತ್ತು, ಹೆಗಲ ಮೇಲಿಟ್ಟೆ. ಅವಳು ಅಳುತ್ತಿದ್ದಳು. ನಾನೂ ಅತ್ತೆ. ಎಷ್ಟೋ ತಾಯಂದಿರ ಎದುರು ಒಣಕಣ್ಣಲ್ಲಿ ನಿಂತಿದ್ದವಳು, ಮೂಗು ಸುರಿಸಿಕೊಂಡು ಅತ್ತೆ. ಹೊರಗೆ ಯಾರದೋ ಊಟದ ಗಾಡಿ ಗಡಗಡ ಎಂದು ಹೋಯಿತು.

ತುಂಬ ಹೊತ್ತಿನ ಮೇಲೆ, ಗೋಡೆಯನ್ನು ನೋಡುತ್ತಲೇ, ಅವಳು ಮಾತಾಡಿದಳು.

"ಹೊರಜೇಬಲ್ಲಿ ಟೋಪಿ ಇದೆ. ಹಾಕಿ ತೆಗಿ."

ಎದ್ದು ಆ ಸಣ್ಣ ಕೋಣೆಗೆ ಹೋದೆ. ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಟೋಪಿ ದೊಡ್ಡದಾಯಿತು, ಕಣ್ಣು ಮುಚ್ಚುವಷ್ಟು ಕೆಳಗೆ ಬಂತು. ಅಂಚನ್ನು ಒಂದು ಸುತ್ತು ಮಡಚಿ ಹಾಕಿದೆ.